ಗುಡಿ ಕಟ್ಟಿಗೆ ನೀರು ಮುಟ್ಟೂತನಕ

ಹಿಡಕಲ್ ಡ್ಯಾಮಿನ ಗೇಟ್ ಎತ್ತತಾರಂತ ಮೊಬೈಲಿನಾಗ ಸುದ್ದಿ ಬಂದ್ರ ಇವತ್ತಿಗೂ ನಾ ಕೈಯಾಗಿನ ಕೆಲಸ ಬಿಟ್ಟು ಅಂಗಳಕ್ಕ ಓಡತೇನಿ. ನಮ್ಮ ಮನಿ ಧುಪದಾಳದ ಕೆಳಗ, ಆ ಡ್ಯಾಮಿನ ನೀರು ಹರಿಯೂ ಹೊಳಿ ದಂಡಿಗೆ. ಆ ವರ್ಷ ಮಳಿಗಾಲದಾಗ ಅಂತಾ ಸುದ್ದಿ ದಿನಾ ಬರತಿದ್ದುವು, ಸುಡ್ಲಿ, ಒಂದು ಖರೆ ಇದ್ರ ನಾಕು ಸುಳ್ಳು. ನಮ್ಮ ಎಮ್ಮಿ ಇವತ್ತೋ ನಾಳೆನೋ ಈಯೂ ಹಂಗಿತ್ತು. ಅದರ ಹಾಲಿನ ಮ್ಯಾಲೇ ನಮ್ಮ ಸಂಸಾರ.

ಬೆಲ್ಲದ ಬಾಗೇವಾಡ್ಯಾಗ ನನ್ನ ತವರಮನಿ ಐತಿ, ಎಮ್ಮಿ ಟೆಂಪೋದಾಗ ಹಾಕ್ಕೊಂಡು ಅಲ್ಲಿಗೆ ಹೋಗೂಣಂತ ನಾ ಅಂದೆ. ಕುಲುಕಾಟಕ್ಕ ಕರು ಸತ್ರ ಏನ್ ಮಾಡೂದಂತ ಗಂಡ ಕೇಳಿದ. ಅತ್ತ ದರಿ, ಇತ್ತ ಪುಲಿ. ಅತ್ತಿ ಮಾತ್ರ ಗಟ್ಟಿ ಇದ್ದರು. ಹೊಳಿ ಕಡಿ ಹಣಮಪ್ಪನ ಗುಡಿ ಐತಲ್ಲ, ಅದರ ಕಟ್ಟಿಗೆ ನೀರು ಮುಟ್ಟೂತನಕ ಮನಿ ಬಿಡೂದು ಬ್ಯಾಡಂತ ಅವರ ಅತ್ತಿ ಹೇಳಿದ್ದರಂತ. ಹಿಂದಿನ ಮಹಾಪೂರದಾಗೂ ಆ ಮಾತು ಸುಳ್ಳಾಗಿರಲಿಲ್ಲ. ಊರಿಗೆ ಊರೇ ಆ ಕಟ್ಟಿ ನೋಡ್ಕೋತ ನಿಂತಿತ್ತು. ನಾನೂ ಹೋಗಿ ನೋಡಿದೆ. ನೀರು ಇನ್ನಾ ಕೆಳಗ ಇತ್ತು. ನಂಬಿದೆ, ನಂಬಾಕ ಅದೊಂದ ಇತ್ತು ನೋಡ್ರಿ.

ನೀರು ಹೊಳಿ ಕಡಿಂದ ಬರಲೇ ಇಲ್ಲ. ಹೊಳಿ ತುಂಬಿದ್ದಕ್ಕ ಊರ ಹಿಂದಿನ ಹಳ್ಳದ ನೀರಿಗೆ ಹೋಗಾಕ ದಾರಿ ಸಿಗಲಿಲ್ಲ. ಅದು ತಿರುಗಿ ನಮ್ಮ ಹಿತ್ತಲಕ್ಕ ನುಗ್ಗಿತು. ಆ ಕಡಿ ಯಾರೂ ಹಣಿಕಿನೂ ಹಾಕಿರಲಿಲ್ಲ. ಹಿತ್ತಲದಾಗ ಕಟ್ಟಿದ್ದ ಎಮ್ಮಿ ಒದರೂದು ಕೇಳಿ ಓಡಿ ಬಂದ್ರ ನೀರು ಅದರ ಎದಿಮಟ ಬಂದಿತ್ತು. ಆಗ ಮಟಮಟ ಮಧ್ಯಾಹ್ನ. ಕುಡಗೋಲಿನಿಂದ ಹಗ್ಗ ಕೊಯ್ದೆ. ಗಂಡ ಮುಂದ ಜಗ್ಗತಿದ್ದ, ನಾ ಹಿಂದ ದಬ್ಬತಿದ್ದೆ, ಸೆಳವಿಗೆ ನನ್ನ ಕಾಲು ಎರಡ ಸಲ ಕಿತ್ತುವು. ಸತ್ತೇಬಿಟ್ಟೆ ಅಂದ್ಕೊಂಡೆ.

ಹೆಂಗೋ ಮಕ್ಕಳ ಸಾಲಿ ಇರೂ ದಿಬ್ಬಾ ಹತ್ತಿದಿವಿ. ಸಂಜಿಮುಂದ ಎಮ್ಮಿ ಅಲ್ಲೇ ಈಯಿತು. ಕರು ಉಸಿರಾಡಲಿಲ್ಲ. ಗುಡಿ ಕಟ್ಟಿಗೆ ಆವಾಗೂ ನೀರು ಮುಟ್ಟಿರಲಿಲ್ಲ. ಕರು ಇಲ್ಲದ್ದಕ್ಕ ಮುಂದ ಎಮ್ಮಿ ಹಾಲೂ ಕೊಡಲಿಲ್ಲ, ಒದ್ದು ಒದ್ದು ಬತ್ತಿಸಿಕೊಂಡ್ತು. ಅತ್ತಿಯವರಿಗೆ ಬಾಯಿಗೆ ಬಂದಂಗ ಅನಬೇಕಂತ ಸಿಟ್ಟು ಇತ್ತು ನನಗ. ಆದ್ರ ನಾನೂ ಆ ಕಟ್ಟಿನ ನೋಡ್ಕೋತ ನಿಂತಾಕಿ, ಏನಂತ ಅನ್ನಲಿ?

ಮರುವರ್ಷ ಮತ್ತ ಗೇಟಿನ ಸುದ್ದಿ ಬಂತು. ಅತ್ತಿ ಗುಡಿ ಕಡಿ ಹೋಗಲಿಲ್ಲ, ಹಳ್ಳದ ಕಡಿನೂ ಹೋಗಲಿಲ್ಲ. ಅಂಗಳದಾಗ ನಿಂತು ನನ್ನ ಸೆರಗು ಹಿಡಕೊಂಡರು.

"ಯವ್ವಾ, ಈಗ ಯಾವ ಕಡಿ ನೋಡೂಣು?" ಅಂದರು.

ಜೀವನದಾಗ ಮೊದಲನೇ ಸಲ ನನಗ ಕೇಳಿದ್ದರು. ನಾ ಒಮ್ಮೆ ಗುಡಿ ಕಡಿ ನೋಡಿದೆ, ಒಮ್ಮೆ ಹಳ್ಳದ ಕಡಿ.