ಫೈಲಿನ ಹೊಟ್ಟೆಯಲ್ಲಿದ್ದ ಹುಕುಂ

ಕಳೆದ ವಾರ ಹಳಿಯಾಳದ ಸಾಮಿಲ್ಲೊಂದರ ಮುಂದೆ ಹಾಯುವಾಗ ಸೀದ ಸಾಗವಾನಿಯ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಅಕ್ಕ ನೆನಪಾದಳು...

ಒಡಹುಟ್ಟಿದ ಅಕ್ಕನಲ್ಲ. ದಾಂಡೇಲಿಯ ಸಣ್ಣ ಕಂಪನಿಯಲ್ಲಿ ನನ್ನ ಪಕ್ಕದ ಕುರ್ಚಿಯವಳು, ಅಡವಿಯಂಚಿನ ಸಾಂಬ್ರಾಣಿ ಊರ ಕಡೆಯ ಸಿದ್ದಿ ಬುಡಕಟ್ಟಿನವಳು. ನಗು ಜೋರು, ಸಿಟ್ಟು ಇನ್ನೂ ಜೋರು. ಹಸಿ ಕಟ್ಟಿಗೆ ಒಣಗಿಸುವ ಬಿಸಿಕೋಣೆಗಳಿಗೆ ನಾವು ಪ್ರೋಗ್ರಾಂ ಬರೆಯುತ್ತಿದ್ದೆವು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ತಿರುಗಿಸಿದ ತುಂಡುಗಳೇ ಆಬ್ಜೆಕ್ಟ್ ಫೈಲುಗಳು. ಕಂಪೈಲರಿಗೆ ಏನೇನು ಹುಕುಂ ಕೊಟ್ಟೆವೆಂಬುದು ಸಾಮಾನ್ಯವಾಗಿ ಅವುಗಳಲ್ಲಿ ಉಳಿಯುವುದಿಲ್ಲ. ಅಕ್ಕ ಉಳಿಯುವಂತೆ ಮಾಡಿದ್ದಳು.

"ಕೂಸು ಯಾರ ಮನೀದು ಅಂತ ಅದರ ಮೈಮ್ಯಾಲನ ಬರದಿರಬೇಕ ತಮ್ಮಾ," ಅನ್ನುತ್ತಿದ್ದಳು. ಕಂಪನಿಯ ಯಜಮಾನ, ನಮ್ಮ ಸಾಹೇಬ, ಅದನ್ನೆಂದೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೇಸಿಗೆಯಲ್ಲಿ ಗಿರಾಕಿ ಸಾವುಕಾರರೊಬ್ಬರ ಕೋಣೆಯಲ್ಲಿ ಬಿಸಿ ಮಿತಿಮೀರಿ ಸಾಗವಾನಿಯೆಲ್ಲ ಸೀದುಹೋಯಿತು. ಸಾವುಕಾರರು ಕಚೇರಿಗೇ ಬಂದು ಕುಳಿತರು. ಸಾಹೇಬ ಎಲ್ಲರೆದುರು ಅಕ್ಕನತ್ತ ಬೆರಳು ಮಾಡಿದ.

"ಎಲ್ಲಾ ಈಕೀದ ಕೆಲಸ. ಅಡವ್ಯಾಗಿನವ್ರನ್ನ ತಂದು ಕುರ್ಚಿ ಮ್ಯಾಲ ಕುಂದ್ರಿಸಿದ್ದ ನನ್ನ ತಪ್ಪು. ನಾಳಿಂದ ಬರಬ್ಯಾಡ."

ಅಕ್ಕ ಅಳಲಿಲ್ಲ. ಪರದೆಯನ್ನು ಸಾವುಕಾರರತ್ತ ತಿರುಗಿಸಿ, ಆ ಕೋಣೆಗೆ ಹೋದ ಪ್ರೋಗ್ರಾಮಿನ ಆಬ್ಜೆಕ್ಟ್ ಫೈಲ್ ತೆರೆದಳು. ಸಾಹೇಬ ತನ್ನ ಕೈವಾಡದ ಉಳಿದೆಲ್ಲ ಗುರುತು ಅಳಿಸಿದ್ದ; ಯಂತ್ರದ ಭಾಷೆ ಯಾರು ಓದಿಯಾರು ಎಂದು ಇದೊಂದನ್ನು ಬಿಟ್ಟಿದ್ದ. ಕಟ್ಟಿಗೆ ಬೇಗ ಒಣಗಿಸಿ ತೋರಿಸುವ ಆಸೆಗೆ ಅವನು ಕೊಟ್ಟ ಹುಕುಂ ಒಳಗೆ ಹಾಗೇ ಇತ್ತು: ಬಿಸಿಯ ಮಿತಿ ನೋಡಬೇಡ. ಜೊತೆಗೆ ಯಾರ ಫೋಲ್ಡರಿನಿಂದ ಬಂತೆಂಬ ದಾರಿ, ಅದರಲ್ಲಿ ಅವನದೇ ಹೆಸರು.

"ಏನವಾ ಇದು?" ಎಂದರು ಸಾವುಕಾರರು.

"ಸಾಹೇಬ್ರ ಓದಿ ಹೇಳ್ತಾರ್ರಿ. ಓದ್ರಿ ಸರ್."

ಅವನು ಏನೋ ಗೊಣಗಿದ.

"ದೊಡ್ಡ ದನೀಲೆ ಓದ್ರಿ. ಹಿಂದ ನಿಂತವ್ರಿಗೆ ಕೇಳವಲ್ತು."

ಹೆಸರಿನ ಸಮೇತ ಓದಿದ. ಅಕ್ಕ ಇನ್ನೊಮ್ಮೆ ಓದಿಸಿದಳು. ನನಗಂತೂ ಹೋಳಿಗೆ ಊಟ ಉಂಡಷ್ಟು ಸಮಾಧಾನ!

ಆಮೇಲೆ ಅವನೇ "ಬೇಕಾದ್ರ ಇರು" ಎಂದ. "ಕುರ್ಚಿ ನೀವ ಇಟ್ಗೊಳ್ರಿ" ಎಂದು ಅಕ್ಕ ಚೀಲ ಎತ್ತಿಕೊಂಡು ನಡೆದಳು. ಮುಂಡಗೋಡದಲ್ಲಿ ಕೆಲಸ ಹಿಡಿದಳೆಂದು ಕೇಳಿದೆ. ಮುಂದೆ ಕಾಮಾಲೆ ಅಂದರು... ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಅಕ್ಕ ತೀರಿಹೋಗಿದ್ದಳು.

ಕಳೆದ ವಾರ ಆ ಸಾಮಿಲ್ಲಿನೆದುರು ಇದೆಲ್ಲ ನೆನೆಯುತ್ತ ನಿಂತಿದ್ದಾಗ ನನ್ನ ಹೆಗಲ ಮೇಲೆ ಕೈ ಬಿತ್ತು. ಸಾಹೇಬ. ಮುದುಕನಾಗಿದ್ದ, ಅಲ್ಲಿನ ಬಿಸಿಕೋಣೆಯ ರಿಪೇರಿಗೆ ಬಂದಿದ್ದನಂತೆ.

"ಆಕೀಗೆ ನಾ ಅನ್ಯಾಯ ಮಾಡ್ದೆ," ಎಂದ, ತುಟಿಯೊಳಗೇ.

"ದೊಡ್ಡ ದನೀಲೆ ಹೇಳ್ರಿ ಸರ್. ಹಿಂದ ನಿಂತವ್ರಿಗೆ ಕೇಳವಲ್ತು."

ಹಮಾಲರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ. ಬಿಡಲಿಲ್ಲ, ಇನ್ನೊಮ್ಮೆ ಹೇಳಿಸಿದೆ. ಅಕ್ಕನ ಹಾಗೆ ನಗಬೇಕೆಂದು ಹಿಂದೆ ತಿರುಗಿದೆ... ಹಿಂದೆ ನಿಂತು ಕೇಳಬೇಕಾದವಳೇ ಇರಲಿಲ್ಲ.