ತಂಗಿ ಕಟ್ಟಿದ ಬುತ್ತಿ, ನಾನು ಹತ್ತಿದ ವಿಮಾನ

ವಿಮಾನ ನಿಲ್ದಾಣ ಅಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಅದರ ನೆಲ. ಮುಖ ಕಾಣುವಂಥ ನೆಲ. ಚಪ್ಪಲಿ ಕಳೆದು ಕೈಯಲ್ಲಿ ಹಿಡಿಯಬೇಕೋ ಏನೋ ಎಂದು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಆ ನೆಲದ ಮೇಲೆ ನಿಲ್ಲಬೇಕಾಗಿದ್ದವಳು ನಾನಲ್ಲ, ನನ್ನ ತಂಗಿ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ.

ನಮ್ಮೂರು ಮಿರಜದ ಹತ್ತಿರದ ಬೇಡಗ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಲಗ್ನವಾಗಿ ಎರಡು ವರ್ಷಕ್ಕೆ ತವರಿಗೆ ತಿರುಗಿ ಬಂದವಳು. ತಂಗಿ ನನಗಿಂತ ಆರು ವರ್ಷ ಸಣ್ಣವಳು. ಇಬ್ಬರೂ ದಿನಾ ಬಸ್ಸಿನಲ್ಲಿ ಮಿರಜಕ್ಕೆ ಬಂದು ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದೆವು. ಕಂಡಿಕೆಯ ನೂಲನ್ನು ದೊಡ್ಡ ಉಂಡೆಗೆ ಸುತ್ತುವ ಯಂತ್ರದ ಮುಂದೆ ನಿಂತು, ಹರಿದ ಎಳೆ ಹಿಡಿದು ಗಂಟು ಹಾಕುವುದು ನಮ್ಮ ಕೆಲಸ. ತಂಗಿ ಹಾಕಿದ ಗಂಟು ಉಗುರಿಗೂ ಸಿಗುತ್ತಿರಲಿಲ್ಲ. ನನ್ನ ಗಂಟು ನೋಡಿದರೆ ನಮ್ಮ ಮೇಲ್ವಿಚಾರಕ ಜಾಬರ್ ಕಾಕಾ, "ಇದೇನ್ ನೂಲೋ, ಎಮ್ಮಿ ಕಟ್ಟೋ ಹಗ್ಗೋ?" ಎನ್ನುತ್ತಿದ್ದರು.

ತಂಗಿಗೆ ಊರು ತಿರುಗುವ ಹುಚ್ಚು. ತಿರುಗಿದ್ದು ಮಾತ್ರ ಇಲ್ಲ. ಪಾಳಿ ಮುಗಿದು ಬಸ್ಸಿಗೆ ಹೊತ್ತಿದ್ದರೆ ನನ್ನನ್ನು ಎಳೆದುಕೊಂಡು ಹೋಗಿ ಮಿರಜ ಸ್ಟೇಷನ್ನಿನ ಸೇತುವೆಯ ಮೇಲೆ ನಿಲ್ಲುತ್ತಿದ್ದಳು. ಯಾವ ಗಾಡಿ ಎಲ್ಲಿಗೆ, ಎಲ್ಲಿ ಇಂಜಿನ್ ಬದಲು, ಎಲ್ಲಿಯ ಚಹಾ ಚಲೋ, ಎಲ್ಲ ಹಮಾಲರನ್ನು ಕೇಳಿ ಕಲಿತಿದ್ದಳು. ಮೇಲೆ ವಿಮಾನದ ಸದ್ದು ಬಂದರೆ ಗಾಡಿ ಬಿಟ್ಟು ಮುಗಿಲು ನೋಡುವಳು. "ಅಕ್ಕಾ, ಅದರಾಗ ಕುಂತವರಿಗೆ ನಮ್ಮ ಕೃಷ್ಣಾ ಹೊಳಿ ಹೆಂಗ ಕಾಣತಿರಬೇಕ?"

ಆ ವರ್ಷ ನಮ್ಮ ಗಿರಣಿಯನ್ನು ಸಾಂಗ್ಲಿಯ ದೊಡ್ಡ ಗಿರಣಿಯೊಂದರ ಜೊತೆ ಕೂಡಿಸಿದರು. ಎರಡೂ ಕಡೆಯ ಜನರಲ್ಲಿ ಯಾರು ಉಳಿಯುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಎಂಬುದೊಂದೇ ಮಾತು. ತಾನೇ ಗಂಟು ಹಾಕುವ ಹೊಸ ಯಂತ್ರ ಬರುವುದಿತ್ತು. ಅದನ್ನು ಕಲಿಯಲು ನೂಲು ಸುತ್ತುವ ನಮ್ಮ ಖಾತೆಯಿಂದ ಒಬ್ಬ ಹೆಂಗಸನ್ನು ಕೊಯಮತ್ತೂರಿಗೆ ಕಳಿಸಬೇಕಿತ್ತು. ಯಂತ್ರ ಮಾರಿದವರೇ ಮುಂಬೈಯಿಂದ ವಿಮಾನದ ಟಿಕೀಟು ಕೊಡುವವರಿದ್ದರು.

ಲಗ್ನವಾಗದ ಹುಡುಗಿಯ ವಿಷಯವನ್ನು ಅವಳನ್ನೇ ಕೇಳುವ ರೂಢಿ ನಮ್ಮಲ್ಲಿ ಇರಲಿಲ್ಲ, ಮನೆಯ ಹಿರಿಯರನ್ನು ಕೇಳುವುದು. ಅವ್ವ ತೀರಿಹೋಗಿದ್ದಳು, ಅಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಜಾಬರ್ ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು.

"ನಿನ್ನ ತಂಗೀನ್ನ ಕಳಸೂದಂತ ಮಾಡೇವಿ. ಮನ್ಯಾಗ ನಡೀತೈತೇನ?"

"ಆಕೀಗೆ ಚಕ್ಕರ್ ಬರತಾವ್ರಿ ಕಾಕಾ," ಎಂದೆ. "ಬಸ್ಸಿನಾಗೂ ವಾಂತಿ ಮಾಡ್ಕೋತಾಳ. ಅಷ್ಟ ಎತ್ತರದಾಗ ಹೆಂಗರಿ?"

"ಹೌದನ? ಒಂದಿನಾನೂ ಅಂದಿಲ್ಲಲಾ."

"ಹೇಳಾಕ ನಾಚಿಕಿ ಆಕೀಗೆ. ಬೇಕಾದರ ನಾ ಹೊಕ್ಕೇನಿ."

ಅವರು ನನ್ನ ಕೈ ನೋಡಿದರು. "ಗಂಟು ಮಷೀನನ ಹಾಕತೈತಂತ. ಅಂದಮ್ಯಾಲ ನೀನೂ ನಡೀತಿ ಬಿಡು," ಎಂದು ನಕ್ಕರು. ನಾನೂ ನಕ್ಕೆ.

ಮನೆಯಲ್ಲಿ, ಹಿರಿಯಳೆಂದು ನನ್ನನ್ನು ಆರಿಸಿದ್ದಾರೆ ಎಂದು ಹೇಳಿದೆ. ತಂಗಿ ಜೋಳದ ಹಿಟ್ಟಿನ ಡಬ್ಬಿ ಇಳಿಸಿದಳು. ಹೊರಡುವ ದಿನ ತನ್ನ ನೀಲಿ ಬಟ್ಟೆಯಲ್ಲಿ ಬುತ್ತಿ ಕಟ್ಟಿ, ನನ್ನ ಅಂಗೈಗೆ ಮೊಸರು ಹಾಕಿದಳು. "ಕಿಡಕಿ ಬಾಜೂಕ ಕುಂದ್ರು. ಬಂದು ಎಲ್ಲಾ ಹೇಳಬೇಕ ನೋಡ, ಒಂದೂ ಬಿಡಂಗಿಲ್ಲ."

ಸುಳ್ಳು ಹೇಳುವುದಿಲ್ಲ, ಮುಂಬೈಯ ಆ ನಿಲ್ದಾಣದಲ್ಲಿ ನನಗೆ ಬಹಳ ಸುಖವಾಯಿತು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕುಳಿತರೆ, ಯಾರ ಪೈಕಿ, ಗಂಡ ಎಲ್ಲಿ, ಯಾಕ ಕುಂತಿ ಎಂದು ಹತ್ತು ಮಂದಿ ಕೇಳುತ್ತಾರೆ. ಅಲ್ಲಿ ಎಲ್ಲರೂ ಸುಮ್ಮನೆ ಕುಳಿತಿದ್ದರು, ಕುಳಿತಿರುವುದೇ ಒಂದು ಮರ್ಯಾದೆಯ ಕೆಲಸ ಎಂಬಂತೆ. ತಿರುಗಿ ಬಂದವಳು ಎಂದು ನನ್ನ ಹಣೆಯ ಮೇಲೆ ಬರೆದಂತಿದ್ದುದನ್ನು ಯಾರೂ ಓದಲಿಲ್ಲ. ಕೌಂಟರಿನ ಹುಡುಗಿ ನನಗೆ ಮ್ಯಾಡಮ್ ಎಂದಳು. ಚೀಲ ತಪಾಸಣೆ ಮಾಡುವ ಪೊಲೀಸ ಬುತ್ತಿ ಬಿಚ್ಚಿಸಿ, ರೊಟ್ಟಿ ನೋಡಿ, "ಅರೇ, ಭಾಕರಿ!" ಎಂದು ಮರಾಠಿಯಲ್ಲಿ ನಕ್ಕು, ತಾನೇ ಮೊದಲಿನಂತೆ ಕಟ್ಟಿಕೊಟ್ಟ. ಗಾಜಿನಾಚೆ ವಿಮಾನಗಳು ನಿಂತಿದ್ದವು. ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನಿಸಿತು. ಆ ಎರಡು ತಾಸು ತಂಗಿ ನೆನಪಾಗಲೇ ಇಲ್ಲ.

ನೆನಪಾದದ್ದು ಮೇಲೇರಿದ ನಂತರ, ಬುತ್ತಿ ಬಿಚ್ಚಿದಾಗ. ನನಗೆ ಸೇರುವ ಹಾಗೆ ತೆಳ್ಳಗೆ ಬಡಿದು, ಎಳ್ಳು ಹಚ್ಚಿದ ರೊಟ್ಟಿ. ಕೆಳಗೆ ಒಂದು ನದಿ ಕಂಡಿತು. ಯಾವುದೆಂದು ನನಗೆ ತಿಳಿಯಲಿಲ್ಲ. ಅವಳಾಗಿದ್ದರೆ ಹೇಳುತ್ತಿದ್ದಳು.

ಬುತ್ತಿ ಬಟ್ಟೆ ಬರಿದಾಗಿ ಮನೆಗೆ ಬರಬಾರದೆಂದು ವಿಮಾನದಲ್ಲಿ ಕೊಟ್ಟ ಚಾಕಲೇಟುಗಳನ್ನು ಅದರಲ್ಲಿ ಕಟ್ಟಿಕೊಂಡು ಬಂದೆ. ತಂಗಿ ಒಂದನ್ನು ತಿಂದು ಉಳಿದವನ್ನು ಎತ್ತಿಟ್ಟಳು. ಎಲ್ಲವನ್ನೂ ಮೂರು ಸಲ ಹೇಳಿಸಿದಳು.

ಎರಡು ತಿಂಗಳಿಗೆ ಉಳಿಯುವವರ ಯಾದಿ ಹಚ್ಚಿದರು. ನಮ್ಮ ಖಾತೆಯಲ್ಲಿ ಹೊಸ ಯಂತ್ರ ಕಲಿತವಳೊಬ್ಬಳೇ ಉಳಿದಳು. ತಂಗಿ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೊರಟಳು. ಎಳೆ ಗಂಟು ಹಾಕುತ್ತಿದ್ದ ಬೆರಳುಗಳು ಸುತಳಿ ದಾರದಿಂದ ಬಳ್ಳಿ ಕಟ್ಟತೊಡಗಿದವು. ಈಗಲೂ ಕಟ್ಟುತ್ತವೆ. ನಾನು ಆ ಗಿರಣಿಯಲ್ಲೇ ನಿವೃತ್ತಳಾದೆ.

ಹೋದ ವರ್ಷ ತಿರುಪತಿಗೆ ವಿಮಾನದಲ್ಲಿ ಹೋಗಲು ಎರಡು ಟಿಕೀಟು ತೆಗೆಸಿದೆ. ತಂಗಿಯ ಮನೆಗೆ ಹೋಗಿ ಅವನ್ನು ಅವಳ ಮುಂದಿಟ್ಟೆ. ಅಂಗಳದಲ್ಲಿ ಭಾಂಡಿ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

"ನೀ ಹೋಗಿ ಬಾ. ನನಗ ಚಕ್ಕರ್ ಬರತಾವಲ್ಲಕ್ಕಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಕಾಕಾ ಅವಳಿಗೆ ಯಾವಾಗ ಹೇಳಿದರೋ, ಯಾದಿ ಹಚ್ಚಿದ ದಿನವೇ ಇರಬೇಕು. ಅಷ್ಟು ವರ್ಷ ನನ್ನ ಮುಂದೆ ಕುಳಿತು ಉಂಡಿದ್ದಾಳೆ, ಒಂದು ಸಲವೂ ಕೇಳಿಲ್ಲ. ನಿನಗೆ ಚಕ್ಕರ್ ಬರುವುದಿಲ್ಲ, ಅದು ನನ್ನ ಸುಳ್ಳು ಎಂದು ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ.

ಅವಳು ಕೈ ಒರೆಸಿಕೊಂಡು ಎದ್ದಳು. "ಎಂದ ಹೊಂಟಿ? ಬುತ್ತಿ ಕಟ್ಟತೇನಿ."

"ಶುಕ್ರವಾರ," ಎಂದೆ.