ಅತ್ತಿಗೆಯ ಕೈಗೆ ಬಟ್ಟಲು

ನಮ್ಮತ್ತಿಗೆ ಬೇಕರಿಯಲ್ಲಿ ಹಿಟ್ಟು ನಾದುವವರು. ಮೊಣಕೈವರೆಗೆ ಮೈದಾ, ಬಾಯಿ ತುಂಬ ಮಾತು. ಚರ್ಚಿನ ಪ್ರಭುಭೋಜನಕ್ಕೆ ರೊಟ್ಟಿ ಸುಡುವವರೂ ಅವರೇ. ಆದರೆ ಅದನ್ನು ಅವರು ಹಂಚುವ ಹಾಗಿರಲಿಲ್ಲ. ರೊಟ್ಟಿಯನ್ನೂ ದ್ರಾಕ್ಷಾರಸದ ಬಟ್ಟಲನ್ನೂ ಪಾಸ್ಟರ್ ಆಶೀರ್ವದಿಸಬೇಕು, ಸಭೆಯ ಹಿರಿಯರು ಹಂಚಬೇಕು. ಹಾಸಿಗೆ ಹಿಡಿದವರ ಮನೆಗೂ ಅವರೇ ಒಯ್ಯಬೇಕು. ಹಿರಿಯರೆಲ್ಲ ಗಂಡಸರು.

ಗಂಟು ಬಿದ್ದದ್ದು ಅಲ್ಲೇ. ನಮ್ಮಮ್ಮ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಎದ್ದಿರಲಿಲ್ಲ. ಪಕ್ಕದಲ್ಲಿ ಮೂತ್ರದ ಚೀಲ ನೇತಾಡುತ್ತಿತ್ತು. ಹಿರಿಯರು ಕೋಟು ಹಾಕಿಕೊಂಡು ಬಟ್ಟಲು ತಂದರೆ ಅಮ್ಮ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಸುಳ್ಳು ಗೊರಕೆ. ಅವರು ಪಿಸುದನಿಯಲ್ಲಿ ಪ್ರಾರ್ಥಿಸಿ ಹೋಗುತ್ತಿದ್ದರು. ಆಮೇಲೆ ಅಮ್ಮ ಅಳುತ್ತಿದ್ದಳು.

ಒಂದು ದಿನ ಅತ್ತಿಗೆ ಕೇಳಿದರು: "ನಾನು ಕೊಟ್ರೆ ತಗೋತೀರಾ ಅತ್ತೆ?"

"ನಿನ್ನ ಹತ್ರ ಎಂಥಾ ನಾಚಿಕೆನೇ? ದಿನಾ ಮೈ ತೊಳೆಯೋಳು ನೀನೇ ಅಲ್ವಾ?"

ಅಷ್ಟೇ ಸಾಕಾಯಿತು. ಅತ್ತಿಗೆ ಕೈಯ ಹಿಟ್ಟನ್ನೂ ತೊಳೆಯದೆ ಪಾಸ್ಟರ್ ಮನೆಗೆ ಓಡಿದರು. ಪಾಸ್ಟರಿಗೆ ಮನಸ್ಸಿತ್ತು, ಆದರೆ ಸಭೆ ಒಪ್ಪಬೇಕಲ್ಲ! ಸುದ್ದಿ ಹಬ್ಬಿತು. ಚರ್ಚು ಎರಡು ಹೋಳಾಯಿತು.

ಎಲ್ಲರಿಗಿಂತ ಮೊದಲು ತಿರುಗಿಬಿದ್ದವರು ಗಂಟೆ ತಾತ. ಚರ್ಚಿನ ಗಂಟೆ ಹೊಡೆಯುವವರು, ಹಿರಿಯರಲ್ಲಿ ಹಿರಿಯರು.

"ಪ್ರಭು ಹನ್ನೆರಡು ಜನ ಗಂಡಸ್ರನ್ನೇ ಆರಿಸ್ಕೊಂಡ. ಸುಮ್ಸುಮ್ನೆನಾ?"

"ಪ್ರಭು ಎದ್ದ ದಿನ ಸಮಾಧಿ ಹತ್ರ ಮೊದ್ಲು ಹೋದೋರು ಯಾರು ತಾತ? ಹೆಂಗಸ್ರಲ್ವಾ? ನಿಮ್ಮ ಗಂಡಸ್ರು ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ರು!" ಎಂದರು ಅತ್ತಿಗೆ.

ಅಣ್ಣನ ಪಾಡು ಹೇಳತೀರದು. ಅವನು ಬಸ್ ಡ್ರೈವರ್. ರಸ್ತೆಯಲ್ಲಿ ಯಾವ ಲಾರಿಗೂ ಹೆದರುವವನಲ್ಲ, ತಾತನ ಮುಂದೆ ಮಾತ್ರ ಬಾಯಿ ಕಟ್ಟುತ್ತಿತ್ತು. ಅಪ್ಪ ತೀರಿಕೊಂಡಾಗ ಸಾವಿನ ಗಂಟೆ ಹೊಡೆಯಲು ಇವನ ಕೈಗೆ ಹಗ್ಗ ಕೊಟ್ಟು ಜೊತೆಗೆ ನಿಂತವರು ತಾತ. ಈ ವಿಷಯದಲ್ಲೂ ಅವರ ಕಡೆಗೇ ಇರುತ್ತೇನೆ ಎಂದು ಮಾತು ಕೊಟ್ಟಿದ್ದ.

"ನನ್ನ ಮಾನ ಕಳೀಬೇಡ ಕಣೇ," ಎಂದ ಹೆಂಡತಿಗೆ.

"ನಿಮ್ಮ ಮಾನ ಅಷ್ಟು ಸಣ್ಣ ಬಟ್ಟಲಲ್ಲಿದ್ಯಾ?"

ಭಾನುವಾರ ಬಂತು. ಆರಾಧನೆ ಮುಗಿದ ಮೇಲೆ ಪಾಸ್ಟರ್ ಎದ್ದು ನಿಂತರು. ಕೈ ಎತ್ತಿಸಿದರೆ ಕೆಲವರು ಎರಡೂ ಕೈ ಎತ್ತುತ್ತಾರೆಂದು ಅವರಿಗೆ ಗೊತ್ತಿತ್ತು. "ಬಟ್ಟಲು ಹೆಂಗಸ್ರೂ ಒಯ್ಬೋದು ಅಂತ ಒಪ್ಪೋರು ಎಡಗಡೆ ಹೋಗಿ, ಒಪ್ಪದೇ ಇರೋರು ಬಲಗಡೆ ಹೋಗಿ," ಎಂದರು.

ಒಬ್ಬರೂ ಕದಲಲಿಲ್ಲ.

ಪಾಸ್ಟರ್ ಹಣೆ ಹಣೆ ಬಡಿದುಕೊಂಡರು. ನಮ್ಮಲ್ಲಿ ಮೊದಲಿನಿಂದಲೂ ಹೆಂಗಸರು ಎಡಗಡೆ, ಗಂಡಸರು ಬಲಗಡೆ! ಕೂತಲ್ಲೇ ಎಲ್ಲರ ಮತವೂ ಬಿದ್ದುಹೋಗಿತ್ತು. ನಗು ಎದ್ದಿತು. ತಾತ ಮಾತ್ರ ನಗಲಿಲ್ಲ. "ಸರಿಯಾಗೇ ಇದೆ. ಎಣಿಸಿ. ಗಂಡಸ್ರೇ ಜಾಸ್ತಿ," ಎಂದರು.

ನನಗೆ ಏಳಬೇಕು ಅನ್ನಿಸಿತು. ಆದರೆ ಹೆಂಗಸರ ಬೆಂಚಿನಲ್ಲಿ ಗಂಡಸು ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಆಗ ತಾತನ ಪಕ್ಕದಿಂದ ಅಣ್ಣ ಎದ್ದ! ತಾತ ಅವನ ತೋಳು ಹಿಡಿದರು. ಅಣ್ಣ ಮೆಲ್ಲಗೆ ಬಿಡಿಸಿಕೊಂಡ. ನಡುದಾರಿ ದಾಟಿ ಕಿಟಕಿಯ ಪಕ್ಕದ ಬೆಂಚಿಗೆ ಹೋದ. ಅಲ್ಲಿ ಒಂದು ಹಳೇ ದಿಂಬಿತ್ತು. ಅದು ಅಮ್ಮನ ಜಾಗ. ಅವಳು ಬಿದ್ದಾಗಿನಿಂದ ಖಾಲಿಯೇ ಇತ್ತು, ಯಾರೂ ಕೂತಿರಲಿಲ್ಲ. ಅಣ್ಣ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂತ.

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡರು. ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ನನ್ನ ಹಿಂದೆ ಟೈಲರ್ ಬಂದ, ಪೇಂಟರ್ ಬಂದ. ಬೆಂಚುಗಳು ಕಿರ್ ಎಂದವು. ಆ ಕಡೆಯಿಂದಲೂ ಕೆಲವು ಹೆಂಗಸರು ಎದ್ದು ಬಲಕ್ಕೆ ಹೊರಟರು. ಎಲ್ಲರಿಗಿಂತ ಮುಂದೆ ಗಂಟೆ ತಾತನ ಹೆಂಡತಿ! ಬಟ್ಟಲು ಹೆಂಗಸರ ಕೈಗೆ ಬರಬಾರದು ಎಂಬುದು ಅಜ್ಜಿಯ ನಂಬಿಕೆ. ಗಂಡನ ಪಕ್ಕ ಧೊಪ್ಪನೆ ಕೂತು, "ಸ್ವಲ್ಪ ಸರೀರಿ. ಮದುವೆ ದಿನ ಬಿಟ್ರೆ ಇಲ್ಲಿ ನಿಮ್ಮ ಪಕ್ಕ ಕೂತಿದ್ದು ಇವತ್ತೇ," ಎಂದಳು.

ಪಾಸ್ಟರ್ ಎಣಿಸಿದರು. ಬೆವರು ಒರೆಸಿಕೊಂಡು ಮತ್ತೆ ಎಣಿಸಿದರು.

"ಎಡಗಡೆಯವರೇ ಹೆಚ್ಚು!"

ತಾತ ಎದ್ದರು. ರೊಟ್ಟಿ, ಬಟ್ಟಲು, ದ್ರಾಕ್ಷಾರಸದ ಶೀಸೆ ಇಟ್ಟು ಮನೆಮನೆಗೆ ಒಯ್ಯುವ ಸಣ್ಣ ಪೆಟ್ಟಿಗೆಯನ್ನು ತಂದು ಅತ್ತಿಗೆಯ ಮುಂದೆ ಹಿಡಿದರು.

"ನಾನು ಒಪ್ಪಲ್ಲ. ಆದ್ರೆ ಸಭೆ ಹೇಳ್ತು. ಶೀಸೆ ಮುಚ್ಚಳ ಸಡಿಲ ಇದೆ, ಒತ್ತಿ ಹಿಡ್ಕೋ."

ಅತ್ತಿಗೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಪೆಟ್ಟಿಗೆ ತೆರೆದು ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದರು.

ಮೂವರೂ ಓಡೋಡಿ ಮನೆಗೆ ಬಂದೆವು. ಅತ್ತಿಗೆ ನಮ್ಮಿಬ್ಬರನ್ನೂ ಹೊರಗೆ ನಿಲ್ಲಿಸಿ ಅಮ್ಮನ ಕೋಣೆಯ ಬಾಗಿಲು ಹಾಕಿಕೊಂಡರು. ಅಣ್ಣ ಬಾಗಿಲಿಗೆ ಕಿವಿ ಇಟ್ಟ. ಗೊರಕೆ ಇಲ್ಲ. ಅತ್ತಿಗೆಯ ಪ್ರಾರ್ಥನೆ ಮೆಲ್ಲಗೆ ಕೇಳಿಸಿತು. ಆಮೇಲೆ ಅಮ್ಮನ "ಆಮೆನ್!" ಬೀದಿಗೇ ಕೇಳುವಷ್ಟು ಜೋರಾಗಿ.

ಅದರ ಹಿಂದೆಯೇ: "ಚೂರು ದೊಡ್ಡದು ಮುರ್ಕೊಡೇ! ಎಷ್ಟು ತಿಂಗಳಾಯ್ತು!"